ಬೀಗ ಹಾಕಿದವನೂ ಒಳಗಿದ್ದವನೂ

ಪೈನಿ ಫೋರ್ಕ್, ವರ್ಜೀನಿಯಾ
೧೯೭೬ ಜೂನ್ ೨೫, ಶುಕ್ರವಾರ

ಪ್ರೀತಿಯ ತಮ್ಮ ಎಮರಿ,

ಕಣ್ಣು ಹೇಗಿದೆ? ಪೊರೆ ತೆಗೆಸಿಕೊಂಡು ಮೂರು ವಾರವಾಯಿತಲ್ಲ, ಬೆಳಕು ಚುಚ್ಚುವುದು ನಿಂತಿತೇ? ಬಗ್ಗಬಾರದು, ಭಾರ ಎತ್ತಬಾರದು, ಓದಬಾರದು ಎಂದು ಡಾಕ್ಟರು ಹೇಳಿದ್ದಾರಂತೆ, ರೂಥ್‌ಆನ್ ಬರೆದಿದ್ದಾಳೆ. ಮೊದಲ ಎರಡನ್ನು ನೀನು ಹುಟ್ಟಿದಾಗಿನಿಂದ ಪಾಲಿಸಿಕೊಂಡು ಬಂದಿದ್ದೀಯ. ಮೂರನೆಯದರ ಬಗ್ಗೆ ಮಾತ್ರ ನನಗೆ ಭಯ. ಹಾಗಾಗಿ ಈ ಕಾಗದವನ್ನು ಮಗಳ ಕೈಯಲ್ಲೇ ಓದಿಸು. ರೂಥ್‌ಆನ್, ನಾನು ಸಿಟ್ಟಾಗಿ ಬರೆದಿರುವ ಕಡೆ ದನಿ ತಗ್ಗಿಸಬೇಡಮ್ಮ, ಹಾರಿಸಿ ಓದಲೂ ಬೇಡ. ಮತ್ತೆ ಅವನಿಗೆ ಉಪ್ಪು ಹಚ್ಚಿದ ಹಂದಿಮಾಂಸ ಕೊಡಬೇಡ, ಎಷ್ಟು ಗೋಗರೆದರೂ.

ನನ್ನ ಮಂಡಿ ಹಾಗೇ ಇದೆ. ಬೀನ್ಸ್ ಈ ವರ್ಷ ಬೇಲಿ ದಾಟಿ ಬೆಳೆದಿದೆ, ಹದಿನಾಲ್ಕು ಜಾಡಿ ತುಂಬಿಟ್ಟೆ. ನಿನ್ನ ಭಾವ ಇದ್ದಿದ್ದರೆ ಪ್ರತಿ ಜಾಡಿಯನ್ನೂ ಬೆಳಕಿಗೆ ಹಿಡಿದು ನೋಡಿ ಸಾಲಾಗಿ ಜೋಡಿಸುತ್ತಿದ್ದರು. ನಾನು ಜೋಡಿಸಲಿಲ್ಲ. ಅಡುಗೆಮನೆಯ ನೆಲದ ಮೇಲೇ ಇವೆ, ಏಕೆಂದರೆ ಈ ವಾರವೆಲ್ಲ ನನಗೆ ಸಿಟ್ಟು ಬಿಟ್ಟು ಬೇರೆ ಯಾವುದಕ್ಕೂ ಪುರುಸೊತ್ತಾಗಲಿಲ್ಲ.

ದೇಶಕ್ಕೆ ಇನ್ನೂರು ತುಂಬುವ ಸಡಗರ ಇಲ್ಲೂ ಬಂದಿದೆ. ಬೆಂಕಿ ನಂದಿಸುವ ನಲ್ಲಿಗಳಿಗೂ ಬಾವುಟದ ಕೆಂಪು, ಬಿಳಿ, ನೀಲಿ ಬಳಿದಿದ್ದಾರೆ. ಅದಿರಲಿ. ಕೋರ್ಟಿನ ಮುಂದಿನ ಹುಲ್ಲುಹಾಸಿನಲ್ಲಿ ಆಳೆತ್ತರದ, ಇನ್ನೂ ಏನೂ ಕೆತ್ತದ ಒಂದು ಕಲ್ಲು ನಿಲ್ಲಿಸಿದ್ದಾರೆ, ಜುಲೈ ನಾಲ್ಕಕ್ಕೆ ಪರದೆ ಸರಿಸುತ್ತಾರೆ. ಅದಕ್ಕೊಂದು ಸಮಿತಿ, ಸಮಿತಿಗೆ ಅಧ್ಯಕ್ಷ ನಮ್ಮ ಡ್ಯಾಬ್ನಿ ವಿಟ್ಸೆಲ್. ಹೌದು, ದನದ ಮೇವಿನ ಅಂಗಡಿಯ ಡ್ಯಾಬ್ನಿಯೇ, ನನ್ನ ಭಾನುವಾರದ ಪಾಠಶಾಲೆಯಲ್ಲಿ ಹತ್ತು ಆಜ್ಞೆಗಳಲ್ಲಿ ಏಳನ್ನು ಮಾತ್ರ ನೆನಪಿಟ್ಟುಕೊಂಡವನು. ಏಪ್ರಿಲ್‌ನಲ್ಲಿ ಅವನು ನಮ್ಮ ಜಗಲಿಗೆ ಬಂದು, ಟೊಪ್ಪಿಗೆ ತೆಗೆದು, ನಮ್ಮ ರೆಡ್ ಸ್ಪ್ರಿಂಗ್ ಚರ್ಚಿನ ಹಳೆಯ ದಾಖಲೆ ಪುಸ್ತಕವನ್ನು ಕೋರ್ಟಿನೊಳಗೆ ಗಾಜಿನ ಪೆಟ್ಟಿಗೆಯಲ್ಲಿ ಇಡಲು ಕೊಡುತ್ತೀರಾ ಎಂದು ಕೇಳಿದ. ಸಂತೋಷವಾಯಿತು. ಮೂವತ್ತೊಂದು ವರ್ಷ ಚರ್ಚಿನ ಕಾರ್ಯದರ್ಶಿಯಾಗಿ ಆ ಪುಸ್ತಕದ ಧೂಳು ಒರೆಸಿದವಳು ನಾನು, ಯಾರೂ ಕೇಳಿರಲಿಲ್ಲ. ಆಮೇಲೆ ಜೇಬಿನಿಂದ ಒಂದು ಚೀಟಿ ತೆಗೆದು, ಕಲ್ಲಿನ ಮೇಲೆ ಕೆತ್ತಿಸುವ ಮಾತು ಇದು ಎಂದು ತೋರಿಸಿದ. ಹೀಗಿತ್ತು: ಕ್ರಿಸ್ತನನ್ನು ನಂಬಿದವರು, ಕ್ರಿಸ್ತನ ವಾಕ್ಯವನ್ನೇ ಅಡಿಗಲ್ಲಾಗಿಟ್ಟು, ಕ್ರಿಸ್ತನ ಜನರಿಗಾಗಿ ಕಟ್ಟಿದ ನಾಡು ಇದು. ಅದರ ಕೆಳಗೆ: ಈ ಕೌಂಟಿಯ ಭಕ್ತ ಮುಂದಾಳು ಕರ್ನಲ್ ಆಂಬ್ರೋಸ್ ಟಾಲಿವರ್ ಅವರ ನೆನಪಿಗೆ.

ನಾನು ಎರಡು ಸಲ ಓದಿದೆ. ಅವನನ್ನು ಕೂರಿಸಿ, ಪಕ್ಕದ ಚರ್ಚಿಗೆ ಹೋಗಿ ಬೀರುವಿನಿಂದ ಪುಸ್ತಕ ತಂದು, ೧೭೭೧ರ ಆಗಸ್ಟ್ ಪುಟ ತೆರೆದು ಅವನ ಮಡಿಲಲ್ಲಿಟ್ಟೆ. ಇಲ್ಲಿ ಇಷ್ಟು ವರ್ಷ ಪಾದ್ರಿಯಾಗಿದ್ದ ನಿನಗೆ ಆ ಪುಟ ಬಾಯಿಪಾಠ. ಆದರೂ ಬರೆಯುತ್ತೇನೆ, ರೂಥ್‌ಆನ್‌ಗೆ ಗೊತ್ತಿರಲಿಕ್ಕಿಲ್ಲ. ಆಗ ಇಲ್ಲಿ ಇಂಗ್ಲೆಂಡಿನ ರಾಜನ ಚರ್ಚು ಒಂದೇ ಚರ್ಚು. ಅದಕ್ಕೆ ಹೋಗದವನೂ ಅದರ ಪಾದ್ರಿಗೆ ತೆರಿಗೆ ಕಟ್ಟಬೇಕು. ಪರವಾನಗಿ ಇಲ್ಲದೆ ಬೋಧಿಸಿದವನಿಗೆ ಜೈಲು. ಜೊಸೈಯಾ ಕ್ರೂ ಎಂಬ ನಮ್ಮ ಬ್ಯಾಪ್ಟಿಸ್ಟ್ ಪಂಗಡದ ಬೋಧಕ, ಪೀಪಾಯಿ ಕಟ್ಟುವ ಕಸುಬಿನವನು, ಚಿಲುಮೆಯ ಹತ್ತಿರ ಮರದ ಕೆಳಗೆ ಹದಿನೇಳು ಜನರನ್ನು ಕೂರಿಸಿಕೊಂಡು ಪ್ರಾರ್ಥಿಸುತ್ತಿದ್ದಾಗ ಅವನನ್ನು ಕೊರಳಪಟ್ಟಿ ಹಿಡಿದು ಎಳೆದೊಯ್ದರು. ನಲವತ್ತು ದಿನ ಒಳಗಿಟ್ಟರು. ಅವನು ಕಿಟಕಿಯ ಸರಳುಗಳ ನಡುವಿನಿಂದಲೇ ಬೋಧಿಸಿದ. ದನಿ ಕೇಳಬಾರದೆಂದು ಹೊರಗೆ ಡೋಲು ಬಡಿಸಿದರು, ಸರಳಿನಿಂದಾಚೆ ಚಾಚಿದ ಅವನ ಕೈಯನ್ನು ಚಾಕುವಿನಿಂದ ಗೀರಿದರು. ಶಿಕ್ಷೆ ಕೊಟ್ಟ ಮ್ಯಾಜಿಸ್ಟ್ರೇಟ್, ಡೋಲು ತರಿಸಿದವನು, ರಾಜನ ಚರ್ಚಿನ ಮೊದಲ ಸಾಲಿನಲ್ಲಿ ಕೂರುತ್ತಿದ್ದವನು: ಕರ್ನಲ್ ಆಂಬ್ರೋಸ್ ಟಾಲಿವರ್.

ಡ್ಯಾಬ್ನಿ ಬೆರಳಿಟ್ಟುಕೊಂಡು ನಿಧಾನವಾಗಿ ಓದಿದ. ಅವನಿಗೆ ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ. ಪುಸ್ತಕ ಮುಚ್ಚಿ, "ಇದೆಲ್ಲ ಮನೆಯೊಳಗಿನ ಜಗಳ, ಮಿಸ್ ಅಲ್ಮೀಡಾ. ಇಬ್ರೂ ಕ್ರೈಸ್ತರೇ ತಾನೆ?" ಎಂದ.

"ಬೀಗ ಹಾಕಿದವನೂ ಒಳಗಿದ್ದವನೂ ಒಂದೇ ಅಂತೀಯೇನೋ?" ಎಂದೆ.

"ಇನ್ನೂರು ವರ್ಷ ಆಯ್ತಲ್ಲ, ಬಿಟ್ಬಿಡಿ," ಎಂದ. ಇನ್ನೂರು ವರ್ಷದ ಹಿಂದಿನದನ್ನು ಕಲ್ಲಿನ ಮೇಲೆ ಕೆತ್ತಿಸಲು ಹೊರಟವನು ನನಗೆ ಬಿಟ್ಟುಬಿಡಿ ಎನ್ನುತ್ತಾನೆ! ಕಾಫಿ ಕೊಡದೆ ಕಳಿಸಿದೆ. ನಮ್ಮ ಮನೆಯಿಂದ ಯಾರನ್ನೂ ನಾನು ಹಾಗೆ ಕಳಿಸಿದ್ದಿಲ್ಲ.

ಅವನು ಸುಮ್ಮನಾಗಲಿಲ್ಲ. ಚರ್ಚಿನ ಆಡಳಿತ ನೋಡುವ ಡೀಕನ್‌ಗಳ ಹತ್ತಿರ ಹೋದ. ಕಳೆದ ವಾರ ಬುಧವಾರ ಚರ್ಚಿನ ಸಭೆ ಕರೆದರು. ಪುಸ್ತಕ ಕೊಡಲು ನನ್ನ ಅಡ್ಡಿಯಿಲ್ಲ, ಆದರೆ ಗಾಜಿನ ಪೆಟ್ಟಿಗೆಯಲ್ಲಿ ಆಗಸ್ಟ್ ಪುಟವೇ ತೆರೆದಿರಬೇಕು ಎಂದೆ. ಅವರು ಮೊದಲ ಪುಟ ತೆರೆದಿಡೋಣ, ಅಕ್ಷರ ಚೆನ್ನಾಗಿದೆ ಎಂದರು. ಅಕ್ಷರ! ಕೈ ಎತ್ತಿಸಿದರು. ಅವರ ಕಡೆ ಇಪ್ಪತ್ತೆರಡು, ನನ್ನ ಕಡೆ ಹದಿನೇಳು. ಬೀರುವಿನ ಕೀಲಿಕೈ ಕೊಡಿ ಎಂದರು. ಆ ಪುಟ ತೋರಿಸದಿದ್ದರೆ ಕೊಡುವುದಿಲ್ಲ ಎಂದೆ. ಹಾಗಾದರೆ ಹೊಸ ಕಾರ್ಯದರ್ಶಿಯನ್ನು ಆರಿಸೋಣ ಎಂದು ಇನ್ನೊಂದು ಸಲ ಕೈ ಎತ್ತಿಸಿದರು. ಮೂವತ್ತೊಂದು ವರ್ಷದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು ಎಮರಿ. ಮರುದಿನ ಕೀಲಿಕೈಯನ್ನು ಲಕೋಟೆಯಲ್ಲಿ ಹಾಕಿ ಡೀಕನ್ ಮನೆಯ ಬಾಗಿಲಲ್ಲಿಟ್ಟು ಬಂದೆ. ಅದಕ್ಕೆ ಮೊದಲು ಇಡೀ ಬೆಳಗ್ಗೆ ಕೂತು ಆ ಪುಟವನ್ನು, ತಪ್ಪು ಕಾಗುಣಿತದ ಸಮೇತ, ನನ್ನ ಕೈಯಲ್ಲೇ ನಕಲು ಮಾಡಿಕೊಂಡೆ.

ನಿನ್ನೆ ಮಧ್ಯಾಹ್ನ ಕೋರ್ಟಿನಲ್ಲಿ ಸಮಿತಿಯ ಬಹಿರಂಗ ಸಭೆ. ಫ್ಯಾನು ಕೆಟ್ಟಿತ್ತು, ಜನ ಬೀಸಣಿಗೆ ಹಿಡಿದು ಕೂತಿದ್ದರು. ರಿಚ್ಮಂಡ್‌ನಿಂದ ಪ್ರೂಯಿಟ್ ಎಂಬ ವಕೀಲ ಬಂದಿದ್ದ, ಕಲ್ಲಿನ ವಿರುದ್ಧ ಮಾತಾಡಲು. ಚೆನ್ನಾಗಿ ಓದಿಕೊಂಡವನು. ಸಂವಿಧಾನದಲ್ಲಿ ಮೊದಲಿನಿಂದ ಕೊನೆಯವರೆಗೆ ದೇವರ ಹೆಸರಿಲ್ಲ ಎಂದ. ಅದು ನಿಜ; ನಾನೂ ಮೇ ತಿಂಗಳಲ್ಲಿ ಲೈಬ್ರರಿಗೆ ಹೋಗಿ ಪೂರ್ತಿ ಓದಿ ನೋಡಿದ್ದೆ. ಡ್ಯಾಬ್ನಿಯ ಮುಖ ಆಗ ನೋಡಬೇಕಿತ್ತು. ಆದರೆ ಆ ವಕೀಲ ಅಲ್ಲಿಗೆ ನಿಲ್ಲಿಸಲಿಲ್ಲ. ಈ ದೇಶವನ್ನು ಕಟ್ಟಿದವರು ಬುದ್ಧಿಯನ್ನು ನಂಬಿದವರು, ಯುರೋಪಿನ ತತ್ವಜ್ಞಾನ ಓದಿದವರು, ಧರ್ಮವನ್ನು ಬಾಗಿಲಾಚೆ ಇಟ್ಟೇ ಒಳಗೆ ಕೂತು ಬರೆದರು. ಪ್ರಾರ್ಥನೆ ಮಾಡುವವರಿಂದ ಸ್ವಾತಂತ್ರ್ಯ ಎಂದೂ ಬಂದಿಲ್ಲ ಎಂದ. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಒಂದು ಕಡೆ ಇವನು, ಇನ್ನೊಂದು ಕಡೆ ಡ್ಯಾಬ್ನಿ. ಇಬ್ಬರೂ ಸೇರಿ ನಮ್ಮ ಕ್ರೂನನ್ನು ಮತ್ತೊಮ್ಮೆ ಒಳಗೆ ಹಾಕುತ್ತಿದ್ದಾರೆ ಅನ್ನಿಸಿತು.

ನನಗೆ ಮೂರು ನಿಮಿಷ ಕೊಟ್ಟರು. ನಕಲು ಮಾಡಿದ್ದ ಪುಟ ಓದಿದೆ. ಆಮೇಲೆ ವಕೀಲನ ಕಡೆ ತಿರುಗಿ, ಕೇಳಿ ಸ್ವಾಮಿ, ಸ್ವಾತಂತ್ರ್ಯದ ಯುದ್ಧ ಮುಗಿದ ಮೇಲೆ ಚರ್ಚಿಗೂ ಸರಕಾರಕ್ಕೂ ಸಂಬಂಧ ಬೇಡ ಎಂದು ವರ್ಜೀನಿಯಾದ ಶಾಸನಸಭೆಗೆ ಅರ್ಜಿ ಹಾಕಿದವರಲ್ಲಿ ನಮ್ಮ ಚರ್ಚಿನ ಅರವತ್ತಮೂರು ಜನರಿದ್ದರು, ಅವರಲ್ಲಿ ಹನ್ನೊಂದು ಜನಕ್ಕೆ ಹೆಸರು ಬರೆಯಲು ಬಾರದೆ ಗೀಟು ಹಾಕಿದ್ದಾರೆ, ಅವರು ಯಾವ ತತ್ವಜ್ಞಾನವನ್ನೂ ಓದಿರಲಿಲ್ಲ, ಮಂಡಿಯೂರಿ ಎದ್ದು ಬಂದು ಗೀಟು ಹಾಕಿದರು ಎಂದೆ. ಕೊನೆಗೆ ಬಂದ ಆ ಧರ್ಮಸ್ವಾತಂತ್ರ್ಯದ ಕಾನೂನು ದೇವರ ಹೆಸರಿನಿಂದಲೇ ಶುರುವಾಗುತ್ತದೆ, ಅದನ್ನೂ ಓದಿಕೊಂಡು ಬನ್ನಿ ಎಂದೆ. ಜನ ಚಪ್ಪಾಳೆ ತಟ್ಟಿದರು. ಡ್ಯಾಬ್ನಿಯೂ ತಟ್ಟಿದ. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಅವನ ಕಡೆ ತಿರುಗಿ ಹೇಳಿದೆ: "ನೀನು ಚಪ್ಪಾಳೆ ತಟ್ಟಬೇಡ. ಆ ಅರ್ಜಿಯಲ್ಲಿ ಅವರು ಕೇಳಿದ್ದು ಕ್ರೈಸ್ತ ಸರಕಾರ ಅಲ್ಲ. ಅದನ್ನ ಅವರು ಜೈಲಿನ ಕಿಟಕಿಯಿಂದ ನೋಡಿದ್ರು. ಯಹೂದ್ಯರನ್ನ, ತುರ್ಕರನ್ನ, ಏನೂ ನಂಬದವರನ್ನ, ಎಲ್ಲರನ್ನೂ ಅವರ ಪಾಡಿಗೆ ಬಿಡಿ ಅಂತ ಬರೆದಿದ್ದಾರೆ. ಆ ಮೂರೂ ಹೆಸರು ನಮ್ಮ ಪುಸ್ತಕದಲ್ಲಿವೆ. ನಿನ್ನ ಕಲ್ಲಿನ ಮೇಲೆ ಎಲ್ಲಿವೆ?"

ಸಮಯ ಮುಗಿಯಿತು ಎಂದು ಗಂಟೆ ಬಾರಿಸಿದರು. ಇನ್ನೊಂದು ವಿಷಯ ಹೇಳಬೇಕೆಂದಿದ್ದೆ, ಆಗಲಿಲ್ಲ, ನಿನಗೆ ಹೇಳುತ್ತೇನೆ. ನಲವತ್ತು ದಿನ ಕ್ರೂಗೆ ಊಟ ತಂದುಕೊಟ್ಟವಳ ಹೆಸರೂ ನಮ್ಮ ಪುಸ್ತಕದಲ್ಲಿದೆ, 'ಕರ್ನಲ್‌ರ ಹ್ಯಾನಾ' ಎಂದು. ಕರ್ನಲ್‌ನ ಗುಲಾಮ ಹೆಂಗಸು. ನಮ್ಮ ಚರ್ಚಿನಲ್ಲೇ ದೀಕ್ಷಾಸ್ನಾನ ಪಡೆದವಳು. ಅರ್ಜಿಯ ಆ ಅರವತ್ತಮೂರರಲ್ಲಿ ಅವಳಿಲ್ಲ, ಯಾರೂ ಅವಳನ್ನು ಕೇಳಲೇ ಇಲ್ಲ. ಎಲ್ಲರಿಗೂ ಸ್ವಾತಂತ್ರ್ಯ ಕೇಳಿದ ನಮ್ಮವರಿಗೆ ಮನೆಬಾಗಿಲಲ್ಲಿ ನಿಂತವಳು ಕಾಣಲಿಲ್ಲ. ಅದೂ ನಿಜವೇ. ನಕಲು ಮಾಡುವಾಗ ಅವಳ ಹೆಸರಿನ ಹತ್ತಿರ ಬಹಳ ಹೊತ್ತು ಪೆನ್ನು ನಿಂತಿತು.

ಸಭೆ ಮುಗಿದ ಮೇಲೆ ವಕೀಲ ಬಂದು ನನ್ನ ಕೈ ಕುಲುಕಿ, ನಾವಿಬ್ಬರೂ ಒಂದೇ ಕಡೆಯವರು, ನೀವು ಆ ಪ್ರಾರ್ಥನೆಯ ವಿಷಯ ಎತ್ತದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದ. ನಾನು ಕೈ ಬಿಡಿಸಿಕೊಂಡೆ. ಮೆಟ್ಟಿಲಿಳಿದು ಬರುವಾಗ ಔಷಧದಂಗಡಿಯ ಏಬಲ್‌ಮನ್ ನಿಂತಿದ್ದರು. ಇಷ್ಟು ವರ್ಷ ನನ್ನ ಮಂಡಿಗೆ ಮುಲಾಮು ಕೊಡುವವರು, ಊರಿನ ಒಂದೇ ಯಹೂದ್ಯ ಮನೆ. ಕೊರಿಯಾದಲ್ಲಿ ಸತ್ತ ಮಗ ಲೆನರ್ಡ್‌ನ ಹೆಸರು ಅದೇ ಹುಲ್ಲುಹಾಸಿನ ಯುದ್ಧ ಸ್ಮಾರಕದಲ್ಲಿದೆ. ಅವರು ಒಳಗೆ ಒಂದು ಮಾತೂ ಆಡಿರಲಿಲ್ಲ. ನನ್ನನ್ನು ಕೇಳಿದ್ದು ಇಷ್ಟೇ: "ಮಿಸ್ ಅಲ್ಮೀಡಾ, ಆ ಅಕ್ಷರ ಕೆತ್ತೋದು ಕಲ್ಲಿನ ಯಾವ ಕಡೆಗೆ? ಲೆನ್ನಿ ಹೆಸರಿಗೆ ಎದುರಾಗಾ, ಆ ಕಡೆಗಾ?"

ಎದುರಾಗಿಯೇ. ನನಗೆ ಗೊತ್ತಿತ್ತು. ಕಣ್ಣು ಸ್ಮಾರಕದ ಕಡೆಗೆ ಹೋಯಿತು. ಅವರೇ ಅರ್ಥ ಮಾಡಿಕೊಂಡು, ಮುಲಾಮು ಮುಗಿದಿದ್ದರೆ ನಾಳೆ ಬನ್ನಿ ಎಂದು ಹೇಳಿ ಹೋದರು. ಸಮಿತಿಯಲ್ಲಿ ಐದು ಮತ ಕಲ್ಲಿನ ಪರ, ಎರಡು ವಿರೋಧ. ಸೋತೆ.

ಎಮರಿ, ನಾನು ದಿನಾ ಬೆಳಿಗ್ಗೆ ಬೈಬಲ್ ಓದುತ್ತೇನೆ, ಅದಿಲ್ಲದೆ ನನ್ನ ಬದುಕಿಲ್ಲ. ಅದಕ್ಕೇ ಇಷ್ಟು ಸಿಟ್ಟು. ನನ್ನ ದೇವರನ್ನು ಕೋರ್ಟಿನ ಮುಂದೆ ಕಾವಲುಗಾರನ ಹಾಗೆ ನಿಲ್ಲಿಸಿ, ಒಳಗೆ ಬರುವ ಒಬ್ಬೊಬ್ಬರನ್ನೂ ನೀನು ನಮ್ಮವನೇ ಎಂದು ಕೇಳಿಸುವ ಅಧಿಕಾರವನ್ನು ಡ್ಯಾಬ್ನಿಗೆ ಕೊಟ್ಟವರು ಯಾರು? ಬರೆಯುತ್ತ ಬರೆಯುತ್ತ ಕೈ ನೋಯುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ. ರೂಥ್‌ಆನ್‌ಗೂ ಮಕ್ಕಳಿಗೂ ನನ್ನ ಮುತ್ತುಗಳು. ನಿನ್ನ ಕಣ್ಣು ಬೇಗ ತಿಳಿಯಾಗಲಿ, ದೇವರು ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ.

ನಿನ್ನ ಅಕ್ಕ,
ಅಲ್ಮೀಡಾ

ತಾ.ಕ.: ಶನಿವಾರ ಬೆಳಿಗ್ಗೆ. ಲಕೋಟೆ ಅಂಟಿಸಿದ್ದನ್ನು ಮತ್ತೆ ಒಡೆದು ಬರೆಯುತ್ತಿದ್ದೇನೆ. ಈಗ ತಾನೇ ಡ್ಯಾಬ್ನಿ ಬಂದು ಹೋದ. ಎರಡು ರಾತ್ರಿ ನಿದ್ದೆ ಬಂದಿಲ್ಲವಂತೆ. ಟಾಲಿವರ್‌ನ ಹೆಸರು ತೆಗೆಸುತ್ತೇನೆ, ಅದು ನಾನು ಸೇರಿಸಿದ್ದು ಎಂದ. ಮೇಲಿನ ಸಾಲನ್ನೂ ತೆಗೆಸು ಎಂದೆ. ತಲೆ ತಗ್ಗಿಸಿ, "ಅದು ನನ್ನದಲ್ಲ ಮಿಸ್ ಅಲ್ಮೀಡಾ. ಪಾದ್ರಿ ಎಮರಿ ಅವರೇ ಮಾರ್ಚ್‌ನಲ್ಲಿ ಬರೆದು ಕಳಿಸಿದ್ದು. ನಿಮಗೆ ಹೇಳಬೇಡ ಅಂದಿದ್ರು, ನೀವು ಬೇಜಾರು ಮಾಡ್ಕೋತೀರಿ ಅಂತ," ಎಂದ. ನಿನ್ನ ಕಾಗದವನ್ನೂ ತೋರಿಸಿದ. ನಿನ್ನ ಅಕ್ಷರವೇ. ಮೇಲೆ ಬರೆದುದರಲ್ಲಿ ಒಂದಕ್ಷರವನ್ನೂ ನಾನು ಹೊಡೆದುಹಾಕುವುದಿಲ್ಲ, ಏಕೆ ಬರೆದೆ ಎಂದು ಕೇಳುವುದೂ ಇಲ್ಲ. ಕೆತ್ತುವವನು ಲಿಂಚ್‌ಬರ್ಗ್‌ನಿಂದ ಬರುವುದು ಗುರುವಾರ. ಪಾದ್ರಿಯೇ ಆ ಸಾಲನ್ನು ವಾಪಸು ತೆಗೆದುಕೊಂಡರೆ ಸಮಿತಿ ಒಪ್ಪುತ್ತದೆ, ಬೇರೆ ಯಾರ ಮಾತಿಗೂ ಒಪ್ಪುವುದಿಲ್ಲ ಎಂದು ಡ್ಯಾಬ್ನಿ ಹೇಳಿದ್ದಾನೆ. ಅಂಗಡಿಯ ಫೋನ್ ನಂಬರ್ ಹಿಂಬದಿಯಲ್ಲಿದೆ, ಏಳು ಗಂಟೆಗೇ ಬಾಗಿಲು ತೆರೆಯುತ್ತಾನೆ. ನನಗೆ ಫೋನ್ ಮಾಡಬೇಡ ಎಮರಿ. ಅವನಿಗೆ ಮಾಡು.