ಕೊನೆಯ ರಕ್ತದ ಆಚೆ

ವಿಸ್ಕಾನ್ಸಿನ್
ನವೆಂಬರ್ 4, ಸೋಮವಾರ

ಪ್ರೀತಿಯ ಮಾರ್ಲಿಸ್‌ಗೆ,

ಮೊದಲು ಖರ್ಚು ಹೇಳಿಬಿಡುತ್ತೇನೆ. ಒಂದು ಬಾಣ ಮುರಿಯಿತು. ಸೆಲ್ಮರನ ಭಾನುವಾರ ಪೂರ್ತಿ ಹೋಯಿತು. ಅವನು ಚರ್ಚಿಗೆ ತಪ್ಪಿಸಿಕೊಂಡ ಪಾಪ ನನ್ನ ಖಾತೆಗೆ. ರೊಕ್ಸಾನ್ ಎಂಬ ಹೆಂಗಸಿನ ಪೆಟ್ರೋಲು. ನನ್ನ ಹೊಸ ಪ್ಯಾಂಟಿನ ಮೊಣಕಾಲು, ಅದರೊಳಗಿದ್ದ ಮೊಣಕಾಲಿನದೂ ಸ್ವಲ್ಪ. ಇನ್ನು, ಹಳೇ ಟ್ರ್ಯಾಕ್ಟರುಗಳ ಬಿಡಿಭಾಗ ಮಾರಿ ಈ ಕಣಿವೆಯಲ್ಲಿ ನಾನು ಗಳಿಸಿದ್ದ ಮರ್ಯಾದೆ, ಅದರಲ್ಲಿ ಅರ್ಧ ಅಂತ ಹಿಡಿ. ಒಂದು ಜಿಂಕೆಗೆ ಇಷ್ಟು ತೆತ್ತವರು ಇಲ್ಲಿ ಇನ್ನೊಬ್ಬರಿಲ್ಲ.

ಶುರುವಾಯಿತು ಇವನ ಲೆಕ್ಕ ಎಂದು ಕಾಗದ ಮಡಚಬೇಡ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ನಿನಗೆ ಉಸಿರಾಡಲೂ ಬಿಡುವುದಿಲ್ಲ ಎಂದು ನೀನೇ ಹೇಳಿದ್ದೆ. ಕಾಗದವಾದರೆ ಅರ್ಧಕ್ಕೆ ನಿಲ್ಲಿಸಿ ಒಲೆಯ ಮೇಲಿನ ಪಾತ್ರೆ ನೋಡಿಕೊಂಡು ಬರಬಹುದು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಡುಲುತ್‌ಗೆ, ನಿನ್ನ ಅಕ್ಕನ ಮನೆಗೆ ನಾನೂ ಬರಲೇ ಎಂದು ಸೆಪ್ಟೆಂಬರಿನಲ್ಲಿ ಬರೆದಿದ್ದೆ. ನೀನು ಉತ್ತರ ಬರೆದಿಲ್ಲ. ಬರೆಯಲೇಬೇಕು ಅಂತೇನಿಲ್ಲ. ಇದು ಅದರ ಜ್ಞಾಪನೆಯೂ ಅಲ್ಲ, ಇದು ಜಿಂಕೆಯ ವಿಷಯ.

ಶನಿವಾರ ಸಂಜೆ ಸೆಲ್ಮರ್ ಮತ್ತು ನಾನು ಓಕ್ ಮರಗಳ ದಿಣ್ಣೆಯಲ್ಲಿ ಎಂದಿನ ಎರಡು ಅಟ್ಟಣೆಗಳನ್ನು ಹತ್ತಿದೆವು. ಅವನು ತಗ್ಗಿನದು, ನಾನು ಎತ್ತರದ್ದು. ಅವನ ಸೊಂಟ ಹತ್ತಲು ಒಪ್ಪುವುದಿಲ್ಲ, ನನ್ನದು ಒಪ್ಪಿದ ಹಾಗೆ ನಟಿಸುತ್ತದೆ. ದಿನವಿಡೀ ಗಿರಾಕಿಗಳ ತಲೆ ತಿನ್ನುವವನು ಮರದ ಮೇಲೆ ಬಿಲ್ಲು ಹಿಡಿದು ಬಾಯಿ ಮುಚ್ಚಿಕೊಂಡು ಹೇಗೆ ಕೂರುತ್ತಾನೋ ಎಂದು ನೀನು ನಗುತ್ತಿದ್ದೆ. ಈಗ ಅದು ಕಷ್ಟವೇ ಅಲ್ಲ. ಅಂಗಡಿ ಬಾಗಿಲು ಹಾಕಿದ ಮೇಲೆ ಮನೆಯಲ್ಲೂ ಅದೇ ಅಭ್ಯಾಸ ನಡೆದಿದೆ.

ಬೆಳಕು ಇಳಿಯುವ ಹೊತ್ತಿಗೆ ಎಂಟು ಕವಲು ಕೊಂಬಿನ ಗಂಡು ಜಿಂಕೆ, ಹೆಣ್ಣಿನ ವಾಸನೆ ಹಿಡಿದು ಮೂಗನ್ನು ನೆಲಕ್ಕೆ ಹಚ್ಚಿಕೊಂಡು ಬಂತು. ನನ್ನ ಕಡೆ ಓರೆಯಾಗಿ ಮುಖ ಮಾಡಿ ನಿಂತಿತು. ಅದು ಅಡ್ಡ ತಿರುಗುವವರೆಗೆ ಕಾಯಬೇಕು. ಅಂಗಡಿಗೆ ಬರುವ ಹುಡುಗರಿಗೆಲ್ಲ ನಾನು ಪುಕ್ಕಟೆಯಾಗಿ ಹೇಳಿಕೊಡುವ ಪಾಠವೇ ಇದು. ನಾನು ಕಾಯಲಿಲ್ಲ. ಬಾಣ ಬಿಟ್ಟೆ. ಜಿಂಕೆ ಬೆನ್ನು ಬಾಗಿಸಿ ಒಮ್ಮೆ ನೆಗೆದು, ಆಮೇಲೆ ಹೊಟ್ಟೆನೋವಿನ ಮುದುಕನ ಹಾಗೆ ಮೆಲ್ಲಗೆ ನಡೆದುಹೋಯಿತು. ಓಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಸೆಲ್ಮರ್ ಬಂದು ಮುರಿದ ಬಾಣದ ತುಂಡನ್ನು ಮೂಗಿಗೆ ಹಿಡಿದ.

"ಹೊಟ್ಟೆಗೆ ಬಿದ್ದಿದೆ ಕಣೋ. ಓರೆ ನಿಂತಿತ್ತಾ?"

"ಸ್ವಲ್ಪ."

"ನಿನ್ನ ಸ್ವಲ್ಪ ನನಗೆ ಗೊತ್ತಿಲ್ವಾ? ನಡಿ. ರಕ್ತ ಕಾಣೋವರೆಗೆ ಗುರುತಿಡೋಣ, ಅದರಾಚೆ ಬೆಳಿಗ್ಗೆ ಹೊತ್ತೇರೋ ತನಕ ಕಾಲಿಡಬಾರದು. ಬಿಟ್ರೆ ಹತ್ತಿರದಲ್ಲೇ ಎಲ್ಲಾದ್ರೂ ಮಲಗುತ್ತೆ, ಅಲ್ಲೇ ಸಾಯುತ್ತೆ. ಹಿಂದೆ ಬಿದ್ರೆ ಎದ್ದು ಹೋಗುತ್ತೆ, ಆಮೇಲೆ ಹುಡುಕಿಕೋ."

"ನನಗೇ ಹೇಳಿಕೊಡ್ತೀಯಾ ಮಾರಾಯ?"

"ಹ್ಞೂ, ನಿನಗೇ."

ರಕ್ತ ಬಿದ್ದಲ್ಲೆಲ್ಲ ಗುರುತಿಗೆ ಟಾಯ್ಲೆಟ್ ಪೇಪರಿನ ಚೂರುಗಳನ್ನು ಸಿಕ್ಕಿಸುತ್ತ ಹೋದೆವು. ಒಂದು ಮುಳ್ಳುಪೊದೆಯ ಬಳಿ ರಕ್ತ ನಿಂತಿತು. ಅಲ್ಲಿಗೊಂದು ದೊಡ್ಡ ಚೂರು ಕಟ್ಟಿ ಹಿಂತಿರುಗಿದೆವು. ಸೆಲ್ಮರ್ ನಮ್ಮ ಸೋಫಾದ ಮೇಲೆ ಗೊರಕೆ ಹೊಡೆದ. ಮನೆಯಲ್ಲಿ ಇನ್ನೊಬ್ಬರ ಸದ್ದು ಕೇಳಿ ಎಷ್ಟು ದಿನವಾಗಿತ್ತೆಂದರೆ, ಮೊದಲು ಫ್ರಿಜ್ ಕೆಟ್ಟಿರಬೇಕು ಅಂದುಕೊಂಡೆ. ಬೆಳಿಗ್ಗೆ ನಾನು ಬೇಗ ಎದ್ದೆ. ಪ್ಯಾನ್‌ಕೇಕ್ ಮಾಡಿದೆ.

ತಿಂಡಿಯಾದ ಮೇಲೆ ಸೆಲ್ಮರ್ ಫೋನ್ ಮಾಡಿ ರೊಕ್ಸಾನ್‌ಳನ್ನು ಕರೆಸಿದ. ಗಾಯಗೊಂಡ ಜಿಂಕೆಗಳನ್ನು ನಾಯಿಯಿಂದ ಹುಡುಕಿಸಿಕೊಡುವವಳು. ನೀನು ಹೋದಮೇಲೆ ಈ ಕಡೆಗೆ ಬಂದವಳು, ನಿನಗೆ ಪರಿಚಯವಿಲ್ಲ. ಇದ್ದಿದ್ದರೆ ನೀವಿಬ್ಬರೂ ಸೇರಿ ನನ್ನನ್ನು ಮಾರಿಬಿಡುತ್ತಿದ್ದಿರಿ. ಕಬ್ಬಿಣದ ಮೊಳೆಯಂಥ ಹೆಂಗಸು. ಅವಳ ನಾಯಿಯ ಹೆಸರು ವಿಲ್ಮಾ. ಒರಟು ಕೂದಲು, ಗೇಣುದ್ದದ ಕಾಲು, ಮೊಳದುದ್ದದ ಮೈ, ಊರ ಹಿರಿಯನ ಗಡ್ಡ. ಆ ನಾಯಿಯ ಕೊರಳಿಗೆ ಉದ್ದನೆಯ ಹಗ್ಗ ಕಟ್ಟುತ್ತ ರೊಕ್ಸಾನ್ ನನ್ನನ್ನು ವಿಚಾರಿಸಿದಳು.

"ಕೊನೇ ರಕ್ತ ದಾಟಿ ಯಾರಾದ್ರೂ ಮುಂದೆ ಹೋಗಿದ್ದೀರಾ ಯಜಮಾನ್ರೇ?"

"ಇಲ್ಲವೇ ಇಲ್ಲ."

"ಬೂಟಿಗೆ ರಕ್ತ ಮೆತ್ತಿಕೊಂಡು ಓಡಾಡಿದ್ರೆ ಅದೂ ಒಂದು ಜಾಡಾಗುತ್ತೆ. ನಾಯಿಗೆ ತಲೆ ಕೆಡುತ್ತೆ. ಅದಕ್ಕೇ ಕೇಳಿದ್ದು."

"ನನಗೆ ಅಷ್ಟೂ ಗೊತ್ತಿಲ್ವೇನಮ್ಮಾ?"

"ಎಲ್ಲರೂ ಹಿಂಗೇ ಅಂತಾರೆ. ಡಾಕ್ಟ್ರಿಗೂ ಇಷ್ಟು ಸುಳ್ಳು ಹೇಳಲ್ಲ ಗಂಡಸರು, ನನಗೆ ಹೇಳ್ತಾರೆ. ಪರವಾಗಿಲ್ಲ, ವಿಲ್ಮಾ ಮಾತು ಕೇಳಿಸಿಕೊಳ್ಳಲ್ಲ."

ವಿಲ್ಮಾ ಟಾಯ್ಲೆಟ್ ಪೇಪರುಗಳ ಉದ್ದಕ್ಕೂ ಸರಾಗವಾಗಿ ಹೋಯಿತು. ಪೊದೆ ದಾಟಿತು. ಇಳಿಜಾರಿನಲ್ಲಿ ಒಣಹುಲ್ಲು ನೆಲಕಚ್ಚಿದ ಒಂದು ಜಾಗಕ್ಕೆ ಬಂದು ನಿಂತಿತು. ಜಿಂಕೆ ಮಲಗಿದ್ದ ಜಾಗ, ಅಂಗೈಯಗಲ ರಕ್ತವಿತ್ತು. ಅಲ್ಲಿಂದ ಬಲಕ್ಕೆ ತಿರುಗಿ, ಹಗ್ಗ ಬಿಗಿದು, ಬಾಲ ನೆಟ್ಟಗೆ ಮಾಡಿಕೊಂಡು ಹೊರಟಿತು ನೋಡು. ಒಂದು ಕ್ಷಣವೂ ಅನುಮಾನವಿಲ್ಲ. ಕಾಡು ಬಿಟ್ಟಿತು. ಮುಸುಕಿನ ಜೋಳದ ಕೂಳೆಯ ಹೊಲಕ್ಕೆ ಇಳಿಯಿತು.

"ಗಾಯ ಆಗಿರೋ ಜಿಂಕೆ ಬಯಲಿಗ್ಯಾಕೆ ಬರುತ್ತೆ?" ಎಂದ ಸೆಲ್ಮರ್.

"ವಿಲ್ಮಾ ಹೇಳಿದ ಮೇಲೆ ಬಂದಿದೆ," ಎಂದಳು ರೊಕ್ಸಾನ್.

ಸೆಲ್ಮರ್ ತಿರುಗಿ ನೋಡಿದ. ನಾನು ಸುಮ್ಮನಿರುವುದೇ ಅವನಿಗೆ ಮೊದಲ ಸುಳಿವು. ನಾಯಿ ಹೊಲ ದಾಟಿ, ಚರಂಡಿ ಹಾರಿ, ಡಾಂಬರು ರಸ್ತೆಯ ಅಂಚಿಗೆ ಬಂತು. ನಮ್ಮ ಅಂಚೆ ಡಬ್ಬಿಯ ಕಂಬಕ್ಕೆ ಮುಂಗಾಲೆರಡನ್ನೂ ಇಟ್ಟು ನಿಂತು, ಹಿಡಿದುಕೊಟ್ಟೆನಲ್ಲ ಎಂಬಂತೆ ನಮ್ಮನ್ನು ನೋಡಿತು.

"ಏನ್ ಯಜಮಾನ್ರೇ," ಎಂದಳು ರೊಕ್ಸಾನ್, "ನಿಮ್ಮ ಜಿಂಕೆಗೆ ಕಾಗದ ಬರೋದಿತ್ತಾ?"

ಸೆಲ್ಮರ್ ನಗಲಿಲ್ಲ. ಕುದುರೆಯ ಲಾಳ ನೋಡುವವನ ಹಾಗೆ ನನ್ನ ಕಾಲನ್ನು ಹಿಡಿದೆತ್ತಿದ. ಅಟ್ಟೆಯ ಗೀರುಗಳಲ್ಲಿ ರಕ್ತ ಒಣಗಿ ಕಪ್ಪಾಗಿತ್ತು.

ಹೌದು ಮಾರ್ಲಿಸ್, ಹೋಗಿದ್ದೆ. ನಿದ್ದೆ ಬಂದಿರಲಿಲ್ಲ. ಅವನು ಏಳುವ ಮುಂಚೆ ನಾನೊಬ್ಬನೇ ಕಾಡಿಗೆ ಹೋಗಿ, ಕೊನೆಯ ರಕ್ತ ದಾಟಿ, ಮಬ್ಬು ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಹುಡುಕಿದೆ. ಆ ಇಳಿಜಾರಿನಲ್ಲಿ ಕೈಗೆಟುಕುವಷ್ಟು ಹತ್ತಿರದಲ್ಲಿ ಪೊದೆ ಮುರಿದ ಸದ್ದಾಯಿತು. ಮಲಗಿದ್ದದ್ದನ್ನು ಎಬ್ಬಿಸಿದ್ದೆ. ಅದು ಕೆಳಗೆ ಇಳಿದುಹೋಯಿತು. ನಾನು ಅದು ಮಲಗಿದ್ದ ಜಾಗದಲ್ಲಿ ನಿಂತಿದ್ದೆ, ನೆಲ ಇನ್ನೂ ಬೆಚ್ಚಗಿತ್ತು. ಮನೆಗೆ ಹೋಗಿ ಸೆಲ್ಮರನ ಮುಖ ನೋಡಲು ಧೈರ್ಯವಾಗದೆ ಹೊಲದ ಮೇಲಿಂದ ರಸ್ತೆಗೆ ನಡೆದೆ. ಡಬ್ಬಿ ತೆಗೆದು ನೋಡಿದೆ.

ಸೆಲ್ಮರ್ ನನ್ನ ಕಾಲನ್ನು ಕೆಳಗಿಟ್ಟು ಡಬ್ಬಿಯನ್ನು ನೋಡಿದ, ನನ್ನನ್ನು ನೋಡಿದ.

"ಇವತ್ತು ಭಾನುವಾರ ಕಣೋ ವೆಂಡೆಲ್. ಅಂಚೆ ಎಲ್ಲಿಂದ ಬರುತ್ತೆ?"

"ಗೊತ್ತು."

ರೊಕ್ಸಾನ್ ಅತ್ತ ತಿರುಗಿ ನಾಯಿಯ ಕೊರಳಪಟ್ಟಿ ಸರಿಮಾಡತೊಡಗಿದಳು. ಅದು ಸರಿಯಾಗಿಯೇ ಇತ್ತು.

ಜಿಂಕೆ ಮಲಗಿದ್ದ ಜಾಗಕ್ಕೇ ವಾಪಸ್ಸು ಹೊರಟೆವು. ಬೂಟು ಬಿಚ್ಚಿಟ್ಟು ಸೆಲ್ಮರನ ಗಾಡಿಯಲ್ಲಿದ್ದ ರಬ್ಬರ್ ಬೂಟು ಹಾಕಿಕೊಳ್ಳಬೇಕೆಂದು ರೊಕ್ಸಾನ್ ಆಜ್ಞೆ ಮಾಡಿದಳು. ಅವು ನನಗೆ ದೊಡ್ಡವು, ಬಿದ್ದು ಪ್ಯಾಂಟು ಹರಿದದ್ದು ಅಲ್ಲೇ. ದಾರಿಯಲ್ಲಿ ಸೆಲ್ಮರ್ ಕೇಳಿದ:

"ಅಕ್ಕನಿಗೆ ಹುಷಾರಿಲ್ಲ, ಒಂದು ತಿಂಗಳು ಹೋಗಿರ್ತೀನಿ ಅಂತ ಅವಳು ಕೇಳಿದಾಗ ನೀನು ಏನಂದಿದ್ದೆ?"

"ಒಂದು ತಿಂಗಳಿಗೆ ಎಷ್ಟಾಗುತ್ತೆ ಅಂತ ಹೇಳಿದ್ದೆ."

"ಬರೆದು ತೋರಿಸಿದ್ದೆ."

"ಹೌದು, ಬರೆದು."

"ಲೆಕ್ಕ ಸರಿ ಇತ್ತಾ?"

"ಸರಿ ಇತ್ತು."

"ಹ್ಞೂ," ಎಂದ. ನೀನು ಹೋಗಿ ಎರಡು ವರ್ಷವಾಯಿತು, ನಿನ್ನ ಅಕ್ಕ ಗುಣವಾಗಿಯೂ ಒಂದು ವರ್ಷದ ಮೇಲಾಯಿತು. ಅವನ ಆ ಒಂದು ಹ್ಞೂ ನನಗೆ ಇನ್ನೂ ಜೀರ್ಣವಾಗಿಲ್ಲ.

ಎರಡನೆಯ ಸಲ ವಿಲ್ಮಾ ಮೋಸಹೋಗಲಿಲ್ಲ. ಮಲಗಿದ್ದ ಜಾಗದ ಸುತ್ತ ಅಗಲವಾಗಿ ಸುತ್ತುಹಾಕಿಸಿದಾಗ ತೆಳ್ಳನೆಯ ಇನ್ನೊಂದು ಜಾಡು ಹಿಡಿಯಿತು. ಕಣ್ಣಿಗೆ ಒಂದು ತೊಟ್ಟೂ ಕಾಣದ ಕಡೆ ಮೂಗಿನಿಂದ ಎಲೆ ಎಲೆಯನ್ನೂ ಓದುತ್ತ, ಒಮ್ಮೆ ತಪ್ಪಿ ಮತ್ತೆ ತಾನೇ ಹಿಂದೆ ಬಂದು, ಕಣಿವೆಯ ತಳಕ್ಕೆ ಇಳಿಯಿತು. ತೊರೆಯ ಅಂಚಿನ ಜೊಂಡಿನಲ್ಲಿ ಜಿಂಕೆ ಸತ್ತು ಬಿದ್ದಿತ್ತು. ಮೂಗು ನೀರಿಗೆ ತಾಗಿತ್ತು. ಮೈ ಬಿಸಿಯಾಗಿತ್ತು. ನಾನು ಎಬ್ಬಿಸದೆ ಹೋಗಿದ್ದರೆ ಆ ಒಣಹುಲ್ಲಿನಲ್ಲೇ ಪ್ರಾಣ ಬಿಡುತ್ತಿತ್ತು. ಆ ಗಾಯ ಹೊತ್ತು ಅಷ್ಟು ದೂರ ನಡೆದದ್ದು ನನ್ನಿಂದ.

ವಿಲ್ಮಾ ಅದರ ಕೂದಲು ಕಿತ್ತು, ಗುರುಗುಟ್ಟಿ, ತನ್ನದೆಂದು ಸಾರಿ ತೃಪ್ತಿಪಡುವವರೆಗೆ ನಾವು ಯಾರೂ ಮುಟ್ಟುವಂತಿಲ್ಲ. ಕಾದೆವು. ಆಮೇಲೆ ರೊಕ್ಸಾನ್ ಓಕ್ ಮರದ ಒಂದು ಟೊಂಗೆ ಮುರಿದು, ಒಂದು ಎಲೆಕುಡಿಯನ್ನು ಜಿಂಕೆಯ ಬಾಯಲ್ಲಿಟ್ಟಳು. ಇನ್ನೊಂದನ್ನು ಹೊಡೆದವನ ಟೋಪಿಗೆ ಸಿಕ್ಕಿಸುವುದು ನಾಯಿ ಹಿಡಿದು ಜಿಂಕೆ ಹುಡುಕುವವರ ಪದ್ಧತಿ.

"ಇದು ನಿಮಗೆ ಸಲ್ಲಬೇಕಿತ್ತು," ಎಂದು ನನ್ನ ಟೋಪಿಯನ್ನು ಒಮ್ಮೆ ನೋಡಿ, ಕುಡಿಯನ್ನು ನಾಯಿಯ ಕೊರಳಪಟ್ಟಿಗೆ ಸಿಕ್ಕಿಸಿದಳು. ಸರಿಯಾದ ನ್ಯಾಯ.

"ಹಿಂದೆ ಬಿದ್ರೆ ಎದ್ದು ಹೋಗುತ್ತೆ ಅಂದಿದ್ದೆ," ಎಂದ ಸೆಲ್ಮರ್. ಅವನು ಜಿಂಕೆಯ ಮಾತಾಡುತ್ತಿದ್ದ. ನಾನೂ ಹಾಗೇ ಅಂದುಕೊಂಡೆ.

"ಹಾಗಾದ್ರೆ ಅವಳಿಗೆ ಇನ್ನೊಂದು ಕಾಗದ ಬರೀಬಾರದಾ?" ಎಂದೆ.

ಅವನು ಚಾಕು ಒರೆಸಿದ. "ಮೊದಲನೇದ್ರಲ್ಲಿ ಏನು ಬರೆದಿದ್ದೆ?"

ಹೇಳಿದೆ. ಡುಲುತ್‌ಗೆ ಹೋಗಿಬರುವ ಪೆಟ್ರೋಲಿನ ಖರ್ಚು ಹೇಳಿ, ಬೇಗ ತಿಳಿಸಿದರೆ ಅನುಕೂಲ ಎಂದು ಮುಗಿಸಿದ್ದನ್ನೂ ಹೇಳಿದೆ.

"ಅಯ್ಯೋ ನಿನ್ನ! ಹೆಂಡತಿಗೆ ಬರೆದ್ಯೋ, ಲಾರಿ ಆಫೀಸಿಗೆ ಬರೆದ್ಯೋ? ಬರಿ. ಇನ್ನೊಂದು ಬರಿ. ಅದರಲ್ಲಿ ಪೆಟ್ರೋಲ್ ಬೇಡ."

ಹೊಟ್ಟೆಗೆ ಬಾಣ ಬಿದ್ದ ಜಿಂಕೆಯನ್ನು ನೇತುಹಾಕಿಡುವ ಹಾಗಿಲ್ಲ, ಮಾಂಸ ಕೆಡುತ್ತದೆ. ಅಂದೇ ತೊಳೆದು ಕೊಯ್ದೆವು. ಅವರಿಬ್ಬರೂ ಹೋದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಬಿಳಿ ಕಾಗದ ಹಾಸಿ ಪೊಟ್ಟಣ ಕಟ್ಟಲು ಕೂತೆ. ನಿನ್ನಷ್ಟು ಚೊಕ್ಕಟವಾಗಿ ಬರುವುದಿಲ್ಲ, ನನ್ನವು ಬ್ಯಾಂಡೇಜು ಸುತ್ತಿದ ಹಾಗೆ ಕಾಣುತ್ತವೆ. ಮೊದಲ ಪೊಟ್ಟಣ ಮಡಚಿ, ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡು, "ಟೇಪು," ಎಂದೆ. ಜೋರಾಗಿಯೇ ಹೇಳಿದೆ. ನೀನು ಹರಿದು ಅಂಟಿಸುವವರೆಗೆ ಕಾಯುವವನ ಹಾಗೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ಕೂತಿದ್ದೆ. ಆಮೇಲೆ ಒಂದು ಕೈ ಬಿಟ್ಟೆ. ಪೊಟ್ಟಣ ಬಿಚ್ಚಿಕೊಂಡಿತು.

ಇದಕ್ಕೆ ಬೆಲೆ ಎಷ್ಟೆಂದು ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಮೇಲಿನ ಖರ್ಚಿನಲ್ಲಿ ಸೇರಿಸುತ್ತಿದ್ದೆ.

ನಿನ್ನ ಅಕ್ಕನಿಗೆ ನಮಸ್ಕಾರ ಹೇಳು. ಅಲ್ಲಿ ಸರೋವರದ ಗಾಳಿ ಕೊರೆಯುವ ಕಾಲ, ಕಿವಿ ಮುಚ್ಚಿಕೊಂಡು ಓಡಾಡು.

ಇನ್ನೂ ನಿನ್ನವನೇ ಆದ,
ವೆಂಡೆಲ್

ತಾ.ಕ.: ನೀನು ಬೇಡವೆಂದರೂ ಚಿಂತೆಯಿಲ್ಲ, ಹಬ್ಬಕ್ಕೆ ಸೆಲ್ಮರನ ಮಗಳು ತನ್ನ ಮನೆಗೆ ಕರೆದಿದ್ದಾಳೆ ಎಂದು ಸೆಪ್ಟೆಂಬರಿನಲ್ಲಿ ಬರೆದಿದ್ದೆನಲ್ಲ, ಅದು ಸುಳ್ಳು. ಯಾರೂ ಕರೆದಿಲ್ಲ. ಕಳೆದ ವರ್ಷವೂ ಕರೆದಿರಲಿಲ್ಲ. ಹಬ್ಬದ ದಿನ ಅಂಗಡಿ ತೆರೆದು ಕೂತಿದ್ದೆ, ಗಿರಾಕಿಯೂ ಬರಲಿಲ್ಲ. ನಿನ್ನನ್ನು ನೋಡಬೇಕು ಅನ್ನಿಸುತ್ತದೆ, ಅದಕ್ಕೆ ಬರಲೇ ಎಂದು ಕೇಳಿದ್ದು. ಬೇರೆ ಕಾರಣವಿಲ್ಲ.

ಯಾರಿಗೆ ಏನು ಸಿಕ್ಕಿತು ಎಂಬುದನ್ನೂ ಹೇಳಿಬಿಡುತ್ತೇನೆ. ರೊಕ್ಸಾನ್‌ಗೆ ಹಿಂದಿನ ಒಂದು ತೊಡೆ. ವಿಲ್ಮಾಗೆ ಗುಂಡಿಗೆ. ಸೆಲ್ಮರನಿಗೆ ಬೆನ್ನಿನ ಮಾಂಸ, ಕೊಂಬು, ಚಳಿಗಾಲ ಪೂರ್ತಿ ಹೇಳಿಕೊಂಡು ತಿರುಗಲು ಒಂದು ಕಥೆ. ಕಾಗೆಗಳಿಗೆ ಕರುಳು. ನನಗೆ ಉಳಿದದ್ದೆಲ್ಲ. ಒಬ್ಬನಿಗೆ ಅದು ಹೆಚ್ಚು.