ದಿನ್ನಿಯ ಮೇಲಿನ ಶಾಲೆ

ಜೂನ್ 10, ಮಂಗಳವಾರ

ಬಸ್ಸು ಇಂದೂ ತಡ. ಜೇವರ್ಗಿ ಮುಟ್ಟಿದಾಗ ಹತ್ತಾಗಿತ್ತು. ಶಟರ್ ಎತ್ತುವ ಪವಿತ್ರ ಕಾರ್ಯವನ್ನು ಮಾಲೀಕರಾದ ಮುಜೀಬ ಭಾಯಿಯವರೇ ಮುಗಿಸಿದ್ದರು. ಆನ್‌ಲೈನ್ ಸೆಂಟರಿನ ಏಕಮಾತ್ರ ಆಪರೇಟರಾದ ನಾನು ಕ್ಷಮಾಪಣೆಯ ಭಾಷಣ ಆರಂಭಿಸಿದೆ.

"ಬಾಯಿ ಬಂದ್ ಮಾಡಿ ಪ್ರಿಂಟರ್‌ಗಿ ಪೇಪರ್ ಹಾಕು" ಎಂದರು. ಭಾಷಣ ಮುಕ್ತಾಯ.

ಮಧ್ಯಾಹ್ನ ಗಿರಾಕಿ ಇಲ್ಲ. ಆನ್‌ಲೈನ್ ನಕಾಶೆ ತೆರೆದೆ. ರೈತರಿಗೆ ಹೊಲದ ನಕ್ಷೆ ತೆಗೆದುಕೊಡಲು ದಿನಾ ತೆರೆಯುವುದೇ. ಬದಿಯಲ್ಲಿರುವ 'ಬಫರ್' ಗುಂಡಿ ಒತ್ತಿದ್ದು ಮಾತ್ರ ಇವತ್ತೇ. ಒಂದು ಚುಕ್ಕಿ ಇಡಬೇಕು. ಎಷ್ಟು ದೂರ ಅಂತ ಬರೆಯಬೇಕು. ಅಷ್ಟು ದೂರದ ನೀಲಿ ವೃತ್ತ ಚುಕ್ಕಿಯ ಸುತ್ತ ತಾನೇ ಬೀಳುತ್ತದೆ. ಪಕ್ಕದಲ್ಲೇ ಅಳತೆ ಗುಂಡಿ — ಒತ್ತುತ್ತಾ ಹೋದರೆ ಗೆರೆಯೂ ಮೀಟರೂ ಬೆಳೆಯುತ್ತವೆ, ಎರಡು ಸಲ ಒತ್ತಿದರೆ ಗೆರೆ ಮುಗಿದು ಒಟ್ಟು ಲೆಕ್ಕ ಬರುತ್ತದೆ.

ನಮ್ಮ ಅಂಗಡಿಯ ಮೇಲೆ ಚುಕ್ಕಿ. ಐವತ್ತು ಮೀಟರ್. ಪ್ರಿಂಟ್. ಕೆಳಗೆ ದಪ್ಪ ಅಕ್ಷರದಲ್ಲಿ: 'ಸರ್ವರ ಗಮನಕ್ಕೆ. ಈ ವೃತ್ತದೊಳಗೆ ಉಗುಳುವವರು ಮೇಲಿನಿಂದ ಕಾಣಿಸುತ್ತಾರೆ.' ಕಂಬಕ್ಕೆ ಅಂಟಿಸಿದೆ.

ನಾಲ್ಕು ಗಂಟೆಯ ಹೊತ್ತಿಗೆ ಗುಟ್ಕಾ ಮಂದಿ ಮೂಲೆಯತನಕ ನಡೆದು ಹೋಗಿ ಉಗುಳಿ ವಾಪಸ್ ಬರುತ್ತಿದ್ದರು. ಒಬ್ಬ ಮುದುಕ ಬಂದು, "ತಮ್ಮಾ, ಈ ಗೋಲ್ ಖರೇ ಎಲ್ಲಿಗಿ ಮುಗೀತದ?" ಅಂತ ಕೇಳಿದ. ಗಂಭೀರವಾಗಿ ಹೆಜ್ಜೆ ಎಣಿಸಿ, ಚಾಕ್‌ಪೀಸಿನಲ್ಲಿ ಗೆರೆ ಎಳೆದು ಕೊಟ್ಟೆ. ಅವನು ಕೈ ಮುಗಿದ.

ಮುಜೀಬ ಭಾಯಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಕಾಗದದ ಮ್ಯಾಲ ಒಂದು ಗೋಲ್ ಹಾಕಿದ್ರ ಸಾಕು ನೋಡ್ಲೇ, ದುನಿಯಾ ಹೆದರ್ತದ."

ಜೂನ್ 12, ಗುರುವಾರ

ಸಂಜೆ ಬಸ್ಸಿಳಿದು ನಮ್ಮ ವಸ್ತಿಗೆ, ಹೊಲಗಳ ನಡುವಿನ ಪುಟ್ಟ ಊರಿಗೆ, ಬರುವಾಗ ವಿದ್ಯಾವತಿ ಮೇಡಂ ಹಿಡಿದರು. ನಮ್ಮ ಶಾಲೆಗೆ ಇರುವ ಒಬ್ಬರೇ ಟೀಚರು. ಐದನೆಯತ್ತೆ, ಅಂದರೆ ಐದನೇ ಕ್ಲಾಸಿನವರೆಗೆ, ಹನ್ನೊಂದು ಮಕ್ಕಳು, ಒಂದು ಕೋಣೆ. ಅವರ ಮೊಬೈಲನ್ನು ನನ್ನ ಕೈಗಿಟ್ಟರು.

"ಜಗದೇವ, ಸಾಲಿ ಫೋಟೊ ಹೊಡದೀನಿ. ಆ್ಯಪ್‌ನಾಗ ಹಾಕಾಕ ಇವತ್ತ ಕಡೀ ದಿನ. ಇಲ್ಲಿ ನೆಟ್‌ವರ್ಕ್ ಎಲ್ಲಿ ಬರ್ತದ? ದಿನ್ನಿಗಿ ಹೋಗಿ ಹಾಕಪ್ಪ, ನನ್ನ ಬಸ್ ಹೋಗ್ತದ. ಮೊಬೈಲ್ ನಾಳಿ ಕೊಡು."

ದಿನ್ನಿ ಅಂದರೆ ವಸ್ತಿಯಿಂದ ಅರ್ಧ ಕಿಲೋಮೀಟರ್, ಹಳ್ಳದಾಚೆಯ ದೊಡ್ಡ ಊರು ಕೊಳಕೂರಿನ ದಿಕ್ಕಿಗೆ, ಒಂದು ಮಣ್ಣಿನ ಗುಡ್ಡೆ, ಒಂದು ಜಾಲಿ ಗಿಡ. ಟವರ್ ಸಿಗುವ ಏಕೈಕ ಪುಣ್ಯಕ್ಷೇತ್ರ. ರೇಷನ್ನಿನ ಹೆಬ್ಬೆಟ್ಟು, ಓಟಿಪಿ, ಬೀಗರ ಜಗಳ — ಎಲ್ಲವೂ ಅಲ್ಲೇ.

ಆ್ಯಪ್ ಕೇಳಿತು: 'ನೀವು ಈಗ ಶಾಲೆಯ ಆವರಣದಲ್ಲಿ ಇದ್ದೀರಾ?' ಎದುರಿಗೆ ಎರಡು ಎಮ್ಮೆ. ಒಂದು ಥೇಟ್ ಇನ್‌ಸ್ಪೆಕ್ಟರ್ ಸಾಹೇಬರಂತೆ ನೋಡುತ್ತಿತ್ತು. 'ಹೌದು' ಒತ್ತಿದೆ. ನಾನು ನಿಂತ ಜಾಗವನ್ನೇ ಶಾಲೆಯ ಜಾಗ ಅಂತ ಆ್ಯಪ್ ಬರೆದುಕೊಂಡಿತು.

ಹೀಗೆ ಇಂದು ಸಾಯಂಕಾಲ 6-20ರ ಶುಭಗಳಿಗೆಯಲ್ಲಿ ನಮ್ಮ ಶಾಲೆಯನ್ನು ದಿನ್ನಿಯ ಮೇಲೆ ಪ್ರತಿಷ್ಠಾಪಿಸಲಾಯಿತು. ಎಮ್ಮೆಗಳು ಸಾಕ್ಷಿ.

ಆಗಸ್ಟ್ 4, ಸೋಮವಾರ

ಮೇಡಂ ಮೀಟಿಂಗಿಗೆ ಜೇವರ್ಗಿಗೆ ಬಂದವರು ಸೀದಾ ಅಂಗಡಿಗೆ ಬಂದರು. ಕೈಯಲ್ಲಿ ಪಟ್ಟಿ. ಒಂದು ಕಿಲೋಮೀಟರ್ ಒಳಗೆ ದೊಡ್ಡ ಶಾಲೆ ಇದ್ದರೆ ಸಣ್ಣದನ್ನು ಅದರೊಳಗೆ ಸೇರಿಸುತ್ತಾರಂತೆ. ಪಟ್ಟಿಯಲ್ಲಿ ಹದಿನಾಲ್ಕನೆಯ ಹೆಸರು ನಮ್ಮದು. ಮುಂದೆ: 'ಕೊಳಕೂರ ಶಾಲೆಯಿಂದ ದೂರ 0.91 ಕಿ.ಮೀ.'

"ಒಂದೂವರಿ ಕಿಲೋಮೀಟರ್ ಅದಲ್ಲೋ ಜಗದೇವ? ನಡುವ ಹಳ್ಳ ಬ್ಯಾರೆ. ಇವ್ರು ಹ್ಯಾಂಗ ಅಳದಾರ?"

ನಕಾಶೆ ತೆರೆದೆ. ಕೊಳಕೂರ ಶಾಲೆಯ ಮೇಲೆ ಚುಕ್ಕಿ, ಒಂದು ಕಿಲೋಮೀಟರ್ ಬಫರ್. ನೀಲಿ ವೃತ್ತ ನಿಧಾನಕ್ಕೆ ಅರಳಿತು. ನಮ್ಮ ಶಾಲೆಯ ಹೆಸರು ಒಳಗೇ ಇತ್ತು. ದಿನ್ನಿಯ ಮೇಲೆ. ನಾನು ಇಟ್ಟಲ್ಲೇ.

"ನೋಡ್ತೀನ್ರಿ ಮೇಡಂ" ಎಂದೆ. ಮೇಡಂ ಬಗ್ಗುವ ಮೊದಲೇ ನಕಾಶೆ ಮುಚ್ಚಿದೆ.

ಆಗಸ್ಟ್ 5

ಇವತ್ತು ಒಂದೇ ಕೆಲಸ. ಅಳೆಯುವುದು.

ಕೊಳಕೂರ ಶಾಲೆಯಿಂದ ದಿನ್ನಿಗೆ — 0.91. ನಿಜವಾದ ಶಾಲೆಗೆ, ಕಾಗೆ ಹಾರಿದ ಹಾಗೆ — 1.44. ಹಳ್ಳ ಸುತ್ತಿ, ಬ್ರಿಜ್ ದಾಟಿ, ಮನುಷ್ಯರ ಹಾಗೆ — 4.2. ಹತ್ತು ಸಲ ಅಳೆದೆ. ಹತ್ತು ಸಲವೂ ಅಷ್ಟೇ. ವೃತ್ತಕ್ಕೆ ಹಳ್ಳ ಕಾಣುವುದಿಲ್ಲ.

ಮನೆಗೆ ಬಂದರೆ ಅದೇ ಮಾತು. ಅಣ್ಣ ಧರ್ಮರಾಜ ಕಟ್ಟೆಯ ಮೇಲೆ ಕೂತಿದ್ದ. ಅವನ ಮಗಳು ಯಶೋಧರಾ ನಾಲ್ಕನೆಯತ್ತೆ. ಹನ್ನೊಂದು ಮಕ್ಕಳಲ್ಲಿ ಓದಿದ್ದು ತಿರುಗಿ ಕೇಳುವವಳು ಅವಳೊಬ್ಬಳೇ. ಮೇಡಂ ಹೇಳಿದ್ದು, ನನ್ನ ಮಾತಲ್ಲ.

"ಸಾಲಿ ಹೋದ್ರ ಹೋತು" ಎಂದ ಅಣ್ಣ. "ಹೆಣ್ಣಕೂಸಿಗಿ ಒಬ್ಬಾಕಿಗೇ ಹಳ್ಳದಾಚಿ ನಾಕ್ ಕಿಲೋಮೀಟರ್ ಕಳಸಂಗಿಲ್ಲ ನಾ. ತಾಯಿ ಸಂಗಾಟ ಹತ್ತಿ ಬಿಡಸಾಕ ಹೋಗ್ಲಿ."

"ಅಪ್ಪಾ, ಐದನೆಯತ್ತೆರ ಮುಗಸ್ತೀನಿ" ಅಂದಳು ಯಶು.

"ಎಲ್ಲಿ ಮುಗಸ್ತಿ ಬೇ? ಸಾಲಿನೇ ಇಲ್ಲಂದ ಮ್ಯಾಲ?"

ಅವಳು ನನ್ನ ಕಡೆ ನೋಡಿದಳು. ಜೇವರ್ಗಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕಾಕಾ ಏನಾದರೂ ಮಾಡಿಯಾನು ಅಂತ. ಮಾಡಿದ್ದೇನೆ ತಾಯಿ. ಮಾಡಿಯೇ ಕೂತಿದ್ದೇನೆ.

ಆಗಸ್ಟ್ 12, ಮಂಗಳವಾರ

ಪ್ರಿಂಟ್ ತೆಗೆದುಕೊಂಡು ಶಿಕ್ಷಣ ಇಲಾಖೆಯ ಆಫೀಸಿಗೆ ಹೋದೆ. ಬಣ್ಣದ ಪ್ರಿಂಟ್, ಮೂರು ಹಾಳೆ. ಮುಜೀಬ ಭಾಯಿ ಇಸ್ತ್ರಿ ಮಾಡಿದ ತಮ್ಮ ಶರ್ಟ್ ಕೊಟ್ಟಿದ್ದರು. ಸಾಹೇಬರು ಒಳ್ಳೆಯವರೇ. ಕೂರಿಸಿದರು. ಹಾಳೆ ನೋಡಿದರು.

"ಛಂದ ಮಾಡೀರಿ. ಆದ್ರ ಇದು ವ್ಯೂವರ್ ರೀ. ನೋಡಬಹುದು, ಅಳೀಬಹುದು. ಚುಕ್ಕಿ ಸರಸಾಕ ನನಗೂ ಬರಂಗಿಲ್ಲ, ನಿಮಗೂ ಬರಂಗಿಲ್ಲ."

"ಮತ್ತ ಯಾರಿಗಿ ಬರ್ತದ್ರಿ?"

"ಪಾಯಿಂಟ್ ತಪ್ಪ ಬಿದ್ದದ ಅಂತ ಟೀಚರ್ ಅರ್ಜಿ ಕೊಡಬೇಕು. ಸಂಗಾಟ ಪಂಚಾಯತಿ ಸಭಾದಾಗ ಆದ ಠರಾವು. ತಿಂಗಳ ಒಳಗ. ಆಮ್ಯಾಲ ಜಾಗಾ ನೋಡಾಕ ಯಾರರ ಬರ್ತಾರ."

ಬಸ್‌ಸ್ಟ್ಯಾಂಡಿನಲ್ಲಿ ಮೇಡಂ ಸಿಕ್ಕರು. ಹೇಳಿಬಿಟ್ಟೆ. ದಿನ್ನಿ, ಎಮ್ಮೆ, 'ಹೌದು' — ಎಲ್ಲ. ನಗೆಚಾಟಿಕೆಯ ಹಾಗೆ ಹೇಳಲು ನೋಡಿದೆ. ಅರ್ಧಕ್ಕೇ ನಿಂತಿತು.

ಮೇಡಂ ಕೈಯಲ್ಲಿದ್ದ ಮೊಬೈಲನ್ನು ಚೀಲದೊಳಗೆ ಇಟ್ಟರು. "ಒತ್ತಿದಾಂವ ನೀ. ಲಾಗಿನ್ ನಂದು" ಎಂದರು. ಆಮೇಲೆ, "ಅರ್ಜಿ ಬರಿ, ನಾ ಸಹಿ ಮಾಡ್ತೀನಿ. ನೋಟಿಸ್ ಬಂದ್ರ ನನಗ ಬರ್ಲಿ. ಠರಾವು ಮಾತ್ರ ನೀ ತರಬೇಕು."

ಬೈದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 17, ಭಾನುವಾರ

ಠರಾವಿಗಾಗಿ ಪಂಚಾಯತಿ ಮೆಂಬರ್ ದೇವಾನಂದ ಕಾಕಾನ ಮನೆಗೆ. ಕಾಕಾ ಚಹಾ ತರಿಸಿದ. ಎಲ್ಲ ಕೇಳಿಕೊಂಡ. ಬಾಗಿಲು ಮುಂದೆ ಮಾಡಿದ.

"ಜಗ್ಗ್ಯಾ, ಆ ದಿನ್ನಿ ಮ್ಯಾಲ ನಿನ್ನ ಸಾಲಿ ಒಂದೇ ಅದ ಅಂತ ತಿಳದೀಯೇನ್ಲೇ?"

ಅರ್ಥವಾಗಲಿಲ್ಲ. ದಿನ್ನಿಗೆ ಕರೆದುಕೊಂಡು ಹೋದ. "ತೆಗಿ ನಿನ್ನ ನಕಾಶಿ."

ಮೊಬೈಲಿನಲ್ಲಿ ತೆಗೆದೆ. ಇಷ್ಟು ದಿನ ಶಾಲೆಗಳ ಪದರ ಮಾತ್ರ ನೋಡಿದ್ದೆ. ಮನೆಗಳ ಪದರ ಹಚ್ಚಿದೆ. ಪಾಯಖಾನೆಗಳದು. ಕೃಷಿ ಹೊಂಡಗಳದು.

ದಿನ್ನಿ ಕಾಣದಾಯಿತು. ಚುಕ್ಕಿಯ ಮೇಲೆ ಚುಕ್ಕಿ. ಎಣಿಸಿದೆ — ನಲವತ್ತೊಂದು. ಯಾರ್ಯಾರ ಮನೆ, ಯಾರ್ಯಾರ ಪಾಯಖಾನೆ, ಆರು ಹೊಂಡ, ಒಂದು ಅಂಗನವಾಡಿ. ಫೋಟೊ ಎಲ್ಲ ವಸ್ತಿಯದು, ಜಾಗ ಎಲ್ಲ ದಿನ್ನಿಯದು. ಎಲ್ಲರೂ ನನ್ನ ಹಾಗೇ ಇಲ್ಲಿಗೆ ಬಂದು ಒತ್ತಿದ್ದಾರೆ. ಆಕಾಶದಿಂದ ನೋಡಿದರೆ ನಮ್ಮ ಇಡೀ ವಸ್ತಿ ಒಂದು ಜಾಲಿ ಗಿಡದ ಕೆಳಗೆ, ಒಬ್ಬರ ಹೆಗಲ ಮೇಲೆ ಒಬ್ಬರು ಕೂತು ಸಂಸಾರ ಮಾಡುತ್ತಿದೆ.

ನಗು ಬಂತು. ದೇವರಾಣೆ, ಬಂತು. ಕಾಕಾ ನಗಲಿಲ್ಲ.

"ಒಂದು ಪಾಯಿಂಟ್ ಸುಳ್ಳಂತ ನಾವ ಬರದು ಕೊಟ್ರ, ಉಳದದ್ದು ನೋಡಾಕ ಬರಂಗಿಲ್ಲೇನು? ಮನಿ ಎಲ್ಲಿ ಅದ, ಹೊಂಡ ಎಲ್ಲಿ ಅದ ಅಂತ ಕೇಳ್ತಾರ. ಸರಕಾರದ ಕಂತು ಬರಂಗಿಲ್ಲ, ಅರ್ಧಾ ಕಟ್ಟಿದ್ದು ಅರ್ಧಾಕ್ಕೇ ನಿಂದರ್ತದ. ಠರಾವು ಆಗಂಗಿಲ್ಲ ತಮ್ಮಾ."

ಅಣ್ಣನ ಮನೆಯ ಚುಕ್ಕಿಯೂ ಅಲ್ಲೇ ಇತ್ತು. ಗೋಡೆ ಎದ್ದಿದೆ, ಮೇಲೆ ಮಾಳಿಗೆ ಹಾಕಬೇಕು.

ಆಗಸ್ಟ್ 18

ಅಣ್ಣ ನನ್ನ ಜೊತೆ ಬಸ್ ಹಾದಿಯವರೆಗೂ ನಡೆದು ಬಂದ. ಎಂದೂ ಬಂದವನಲ್ಲ.

"ದೇವಾನಂದ ಕಾಕಾ ಹೇಳ್ಯಾನ. ಮಾಳಿಗಿ ಹಾಕೋತನಕ ಸುಮ್ಮ ಇರು. ಮಳ್ಯಾಗ ತಾಡಪತ್ರಿ ಕೆಳಗ ಎರಡು ವರ್ಷ ಕುಂತೇವಿ."

"ಯಶು?"

"ಆಕಿನೂ ಅದೇ ತಾಡಪತ್ರಿ ಕೆಳಗೇ ಕುಂತಾಳಲ್ಲೋ."

ಪ್ರತಿಯೊಂದಕ್ಕೂ ಒಂದು ಮಾತು ಇಟ್ಟುಕೊಂಡವನು ನಾನು. ಬಸ್ಸು ಬಂತು, ಹತ್ತಿದೆ.

ಆಗಸ್ಟ್ 26

ಮೇಡಂ ಠರಾವಿಲ್ಲದೆಯೇ ಅರ್ಜಿ ಹಾಕಿದ್ದಾರೆ. ಒಬ್ಬರೇ ಹೋಗಿ. ನನಗೆ ಹೇಳಲೂ ಇಲ್ಲ. ಅಂಗಡಿಗೆ ಬಂದವರು ಸ್ವೀಕೃತಿಯ ಝೆರಾಕ್ಸ್ ಮಾತ್ರ ಮಾಡಿಸಿಕೊಂಡು ಹೋದರು.

ಸೆಪ್ಟೆಂಬರ್ 9, ಮಂಗಳವಾರ

ಬರೆಯಬಾರದು ಅಂದುಕೊಂಡೆ. ಬರೆಯುತ್ತೇನೆ.

ಜಾಗ ನೋಡಲು ಒಬ್ಬ ಹುಡುಗ ಬೈಕಿನಲ್ಲಿ ಬಂದ. ನನ್ನದೇ ವಯಸ್ಸು. ಕೈಯಲ್ಲಿ ಮೊಬೈಲು, ಅದರ ಬಾಣ ಎತ್ತ ತೋರಿಸಿತೋ ಅತ್ತ ಬಂದ. ಬಂದು ನಿಂತದ್ದು ದಿನ್ನಿಯ ಮೇಲೆ. ಸುದ್ದಿ ಮೊದಲೇ ಗೊತ್ತಿತ್ತು. ಅರ್ಧ ವಸ್ತಿ ಅಲ್ಲೇ ನಿಂತಿತ್ತು. ನಾನೂ ರಜೆ ಹಾಕಿದ್ದೆ, ಅವನನ್ನು ಶಾಲೆಗೆ ಕರೆದೊಯ್ಯಬೇಕು ಅಂತ.

"ಪಾಯಿಂಟ್ ಬರೋಬರಿ ಇಲ್ಲೇ ಅದ" ಎಂದ. "ಟೀಚರ್ ಅರ್ಜಿ ಕೊಟ್ಟಾರ, ಪಾಯಿಂಟ್ ತಪ್ಪ ಅದ ಅಂತ. ಅರ್ಜಿ ತಪ್ಪೋ, ಪಾಯಿಂಟ್ ತಪ್ಪೋ? ಅಷ್ಟ ಹೇಳ್ರಿ, ಬರಕೊಂಡು ಹೋಗ್ತೀನಿ. ಇನ್ನ ಹನ್ನೆರಡು ಊರು ಅವ ನನಗ."

ಅವನು ಪರದೆಯನ್ನು ಹಿಗ್ಗಿಸಿದ. ಹುಬ್ಬು ಏರಿಸಿದ. "ಪಾಯಿಂಟ್ ತಪ್ಪಂದ್ರ ಇಲ್ಲಿರೋ ಎಲ್ಲಾ ಚೆಕ್ ಮಾಡಬೇಕಾಗ್ತದ ನೋಡ್ರಿ."

ಗಾಳಿ ವಸ್ತಿಯ ಕಡೆಯಿಂದ ಬೀಸುತ್ತಿತ್ತು. ತೊಗರಿ ಹೊಲದ ಆಚೆಯಿಂದ ಮಗ್ಗಿ ಕೇಳುತ್ತಿತ್ತು. ಹನ್ನೊಂದು ಮಕ್ಕಳು. ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು. ಮುಂದೆ ಹೇಳಿಸುವ ದನಿ ಯಶುವಿನದು. ಒಬ್ಬರೂ ಆ ಕಡೆ ತಿರುಗಲಿಲ್ಲ.

"ಇಲ್ಲಿ ಓದಿದವ್ರು ಯಾರ್ರಿ?" ಎಂದ ಹುಡುಗ.

ಎಲ್ಲರೂ ನನ್ನನ್ನು ನೋಡಿದರು. ಅಣ್ಣ ನೋಡಲಿಲ್ಲ. ನೆಲ ನೋಡುತ್ತಿದ್ದ. ಕೈಯಲ್ಲಿ ಸಿಮೆಂಟು ಒಣಗಿತ್ತು.

"ಅರ್ಜಿ ತಪ್ಪ ಅದ ರೀ" ಎಂದೆ.

ನನ್ನದೇ ದನಿ. ಎಷ್ಟು ಗಂಭೀರ! ಆಣೆ ಮಾಡಿದ ಹಾಗೆ. ಹುಡುಗ ಒತ್ತಿದ. ನನ್ನ ಹೆಸರು ಕೇಳಿ ಬರೆದುಕೊಂಡ. ದೇವಾನಂದ ಕಾಕಾ ಬೆನ್ನು ತಟ್ಟಿದ. ಮಗ್ಗಿ ಒಂಬತ್ತಕ್ಕೆ ಬಂದಿತ್ತು.

ಸೆಪ್ಟೆಂಬರ್ 30

ಆದೇಶ ಬಂತು. ನಮ್ಮ ಶಾಲೆ ಕೊಳಕೂರಿನೊಳಗೆ ಸೇರಿತು. ಸುಳ್ಳು ಅರ್ಜಿ ಕೊಟ್ಟಿದ್ದಕ್ಕೆ ಮೇಡಂಗೆ ನೋಟಿಸು, ಜೊತೆಗೆ ಅಫಜಲಪುರದ ಕಡೆಗೆ ಎತ್ತಂಗಡಿ. ಬೀಗದ ಕೈ ಒಪ್ಪಿಸಲು ಬಂದಿದ್ದರು. ಅವರು ದಿನ್ನಿ ದಾಟಿ ಹೋಗುವಾಗ ನಾನು ಜಾಲಿ ಗಿಡದ ಹಿಂದೆ ನಿಂತಿದ್ದೆ. ಅವರು ನೋಡಿದರು. ಕರೆಯಲಿಲ್ಲ.

ಅಕ್ಟೋಬರ್ 19

ಅಣ್ಣನ ಮನೆಗೆ ಮಾಳಿಗೆ ಹಾಕಿದರು. ಎಲ್ಲರಿಗೂ ಹುಗ್ಗಿ. ಕೊಳಕೂರಿಗೆ ಮೂವರು ಗಂಡುಹುಡುಗರು ಹೋಗುತ್ತಾರೆ, ಸೈಕಲ್ ಇದ್ದವರು. ಉಳಿದ ಎಂಟರಲ್ಲಿ ಯಾರೂ ಹೋಗುವುದಿಲ್ಲ.

ಮುಜೀಬ ಭಾಯಿ ಕೇಳಿದರು, "ಯಾಕ್ಲೇ, ತಿಂಗಳಾತು, ಯಾರಿಗೂ ಕಾಡ್ಸಿಲ್ಲ ನೀ. ತಬಿಯತ್ ಬರೋಬರಿ ಇಲ್ಲೇನು?"

"ಬರೋಬರಿ ಅದ ಭಾಯಿ."

ನವೆಂಬರ್ 2, ಭಾನುವಾರ, ಸಂಜೆ 5-40

ದಿನ್ನಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಯಶು ಪಕ್ಕದಲ್ಲಿ. ತಾನಾಗಿಯೇ ಬಂದಳು. ಬೆರಳ ತುದಿಯೆಲ್ಲ ಹತ್ತಿಕಾಯಿ ಗೀರಿದ ಗೆರೆ.

"ಕಾಕಾ, ಅವ್ವನ ಸಂಗಾಟ ದಿನಾ ಹತ್ತಿ ಹೊಲಕ್ಕ ಎಷ್ಟ್ ನಡೀತೀನಿ, ಅಳದು ಹೇಳು."

ತೆಗೆದೆ. ಮನೆಯ ಮೇಲೆ ಮೊದಲ ಚುಕ್ಕಿ. ಅವಳು ದಾರಿ ಹೇಳುತ್ತಾ ಹೋದಳು, ನಾನು ಒತ್ತುತ್ತಾ ಹೋದೆ. "ಇಲ್ಲಿ ಬೇಲಿ ಅದ, ಸುತ್ತ ಹಾಕ್ತೀವಿ. ಇಲ್ಲಿ ಕೆನಾಲ್. ಇಲ್ಲಿ ಅವ್ವ ನೀರು ತುಂಬ್ತಾಳ."

2.3. 3.6. ಗೆರೆ ಕೊಳಕೂರಿಗೆ ಬೆನ್ನು ಮಾಡಿ ಬೇರೆ ದಿಕ್ಕಿಗೆ ಹೊರಟಿದೆ. 4.2 ದಾಟಿತು. ಅಲ್ಲೂ ಹೊಲ ಬರಲಿಲ್ಲ. 4.9.

"ಮುಗೀತೇನು?"

"ಇನ್ನ ಒಂದು ತಿರುವು ಅದ ಕಾಕಾ."

ಒತ್ತಿದೆ. ಇನ್ನೊಂದು ಸಲ ಒತ್ತಿದರೆ ಗೆರೆ ಮುಗಿಯುತ್ತದೆ, ಒಟ್ಟು ಲೆಕ್ಕ ಬರುತ್ತದೆ. ಬೆರಳು ಇಳಿಯಲಿಲ್ಲ. ಪರದೆಯ ಮೇಲೆ ಅಂಗೈ ಮುಚ್ಚಿದೆ. ನೆಟ್‌ವರ್ಕ್ ಹೋತು ಅಂತ ಸುಳ್ಳು ಹೇಳಿದೆ. ಇಲ್ಲಿ, ಈ ಜಾಗದಲ್ಲಿ ಕೂತು.

ನಂಬಿದಳು. ಕಾಯುತ್ತೇನೆ ಎಂದಳು. ಈಗಷ್ಟೇ ಮತ್ತೆ ಕೇಳಿದಳು:

"ಕಾಕಾ, ಕೊಳಕೂರ ಸಾಲಿಗಿಂತ ಹತ್ರ ಅದಲ್ಲಾ ಹತ್ತಿ ಹೊಲ? ಅದಕ್ಕ ಅಲ್ಲೇನು ಅಪ್ಪ ಅಲ್ಲಿಗಿ ಕಳಸೋದು?"

ನಾನು —