ಲೈಸಾನಿಯ ಔಷಧಿ ಈಗ ನನ್ನದು

ಏರೋನಿ,

ಮೀನು ಮಾರಲು ಸುವಾ ಪೇಟೆಗೆ ಹೊರಟೆ, ಸಂಜೆಯ ದೋಣಿಗೆ ಬರುತ್ತೇನೆ. ಮಗಳ ಔಷಧಿ ಅಕ್ಕಿ ಡಬ್ಬದ ಹಿಂದಿದೆ. ಹೌದು, ನಿನ್ನೆ ನಿನ್ನ ತಮ್ಮ ಪೆನಾಯಾನಿಗೆ ನೀನು ಕೊಟ್ಟುಬಿಟ್ಟ ಬಾಟಲಿಯೇ.

ನೆಂಟರು ಬಂದು ‘ಕೆರೆಕೆರೆ, ಇದು ನನಗೆ ಬೇಕು’ ಅಂತ ಕೇಳಿದರೆ ಇಲ್ಲವೆನ್ನಬಾರದು, ಕೊಟ್ಟ ಮೇಲೆ ಅದು ಕೇಳಿದವರದ್ದೇ, ಈ ಪದ್ಧತಿ ನನಗೂ ಗೊತ್ತು. ಆದರೆ ಅವನಿಗಿರುವುದು ಮೊಣಕಾಲಿನ ಹುಣ್ಣು. ಲೈಸಾನಿಗೆ ಹುಟ್ಟಿನಿಂದಲೇ ಸೀಳಿದ್ದ ಅಂಗುಳನ್ನು ಹೊಲಿದು ಇವತ್ತಿಗೆ ಮೂರು ದಿನ. "ಮಗೂಗೆ ಜ್ವರಾನೇ ಇಲ್ವಲ್ಲ ಅತ್ತಿಗೆ, ಔಷಧಿ ಯಾಕೆ?" ಅಂತ ನನ್ನನ್ನೇ ಕೇಳುತ್ತಾನೆ. ನರ್ಸಮ್ಮ ಹೇಳುವಾಗ ನೀನೂ ಅಲ್ಲೇ ನಿಂತಿದ್ದೆ: "ಕೀವಾದ್ಮೇಲೆ ಅಲ್ಲಪ್ಪ, ಕೀವಾಗ್ದೇ ಇರ್ಲಿ ಅಂತ ಕೊಡೋದು. ಐದು ದಿನ, ಒಂದು ಹೊತ್ತೂ ತಪ್ಪಬಾರ್ದು." ಹೊಲಿಗೆ ಬಿಟ್ಟರೆ ಮತ್ತೆ ಆಪರೇಷನ್ ಮಾಡಿಸಬೇಕು.

ಬೆಳಿಗ್ಗೆ ಎಂಟಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ ಹಾಕು. ಚಮಚ ಅಂಗುಳಿಗೆ ತಾಗುತ್ತದೆ, ಬೇಡ; ಸಿರಿಂಜಿನಲ್ಲಿ ಕೆನ್ನೆಯ ಒಳಗೆ ಮೆಲ್ಲಗೆ ಬಿಡು. ಮರಗೆಣಸು ಕೇಳಿ ಅತ್ತರೂ ಕೊಡಬೇಡ, ತೆಳು ಗಂಜಿ ಸಾಕು. ನಿನ್ನೆ ಕುಡಿದ ಹಾಲು ಮೊದಲಿನ ಹಾಗೆ ಮೂಗಿನಿಂದ ಬರಲಿಲ್ಲ, ಒಂದು ಹನಿಯೂ. ನೀನು ನೋಡಬೇಕಿತ್ತು.

ಬಾಟಲಿಯನ್ನು ನಾನು ಜಗಳವಾಡಿ ತಂದದ್ದಲ್ಲ. ಪೆನಾಯಾನ ಮುಂದೆ ಕೂತು ನಾನೂ ಕೆರೆಕೆರೆ ಕೇಳಿದೆ. ಪಾಪ, ಅವನೂ ಇಲ್ಲವೆನ್ನುವಂತಿಲ್ಲವಲ್ಲ. ಪುಣ್ಯಕ್ಕೆ ಅವನಿನ್ನೂ ಔಷಧಿ ಮುಟ್ಟಿರಲಿಲ್ಲ. ಹಾಗಾಗಿ ಅದೀಗ ನನ್ನದು, ನೀನು ಯಾರಿಗೂ ಕೊಡುವಂತಿಲ್ಲ.

ಮತ್ತೆ ಯಾರಾದರೂ ಕೇಳಿಕೊಂಡು ಬಂದರೆ ಬಾಗಿಲ ಪಕ್ಕದ ಹೊಸ ಬಲೆ ಕೊಟ್ಟುಬಿಡು. ಅದು ನಿನ್ನದೇ.

ವಾಸಿತಿ